ಲೋಟ ತೇಲಿಸಿದವನು

ಬಂದ ನೆಂಟರೆಲ್ಲ ಹೊರಟುಹೋಗಿದ್ದರು. ಗಂಡನ ಅಂತ್ಯಕ್ರಿಯೆಯ ಗದ್ದಲ ಮುಗಿದು, ಅಂದು ಮೊದಲ ಬಾರಿಗೆ ಅಡುಗೆಮನೆಯಲ್ಲಿ ಇಬ್ಬರಿಗೆ ಸಾಕಾಗುವಷ್ಟೇ ಕಾಫಿ ಕುದಿಯಿತು. ಅತ್ತೆ ಕೊಟ್ಟದ್ದನ್ನು ಅವಳು ಕುಡಿದಳು. ಬಿಸಿಯಿತ್ತೋ ಆರಿತ್ತೋ ತಿಳಿಯಲಿಲ್ಲ.

ಗಂಡ ಕೆಲಸ ಮಾಡುತ್ತಿದ್ದ ಟಿವಿ ಧಾರಾವಾಹಿಯ ನಿರ್ದೇಶಕ ಫೋನ್ ಮಾಡಿದ. ಅದು ಆಕಾಶನೌಕೆಯೊಂದರಲ್ಲಿ ಸಿಕ್ಕಿಕೊಂಡ ಜಗಳಗಂಟ ಸಂಸಾರದ ಕಥೆ. ಅದರಲ್ಲಿ ವಸ್ತುಗಳನ್ನು ತೇಲಿಸುವುದು ಅವಳ ಗಂಡನ ಕೆಲಸವಾಗಿತ್ತು. ಕಂಪ್ಯೂಟರಿನ ಗೋಜಿಗೆ ಹೋಗದೆ, ಕಣ್ಣಿಗೆ ಬೀಳದಂತೆ ಮಸಿ ಬಳಿದ ದಾರಗಳಿಂದಲೇ ಚಪ್ಪಲಿ, ಕನ್ನಡಕ, ಅಜ್ಜಿಯ ಕೋಲು ಎಲ್ಲವನ್ನೂ ತೇಲಿಸುತ್ತಿದ್ದ. ಎಲ್ಲಕ್ಕಿಂತ ಹೆಸರಾದದ್ದು ಕಪ್ತಾನನ ಸೊಟ್ಟ ಲೋಟ. ಕೈಯಲ್ಲಿದ್ದ ತುತ್ತನ್ನು ಮರೆತು ಜನ ನೋಡುತ್ತಿದ್ದದ್ದು ಕಪ್ತಾನನನ್ನಲ್ಲ, ಆ ಲೋಟವನ್ನು. ನಾಳೆ ಕೊನೆಯ ಕಂತು. ಅದರ ಕೊನೆಗೆ ಗಂಡನ ಹೆಸರಿನ ಕೆಳಗೆ ‘ಇಲ್ಲಿ ತೇಲಿದ್ದೆಲ್ಲ ಇವರ ಕೈಕೆಲಸ’ ಎಂದು ಹಾಕಬಹುದೇ ಎಂದು ನಿರ್ದೇಶಕ ಕೇಳಿದ. ಹಾಕಿ ಎಂದಳು.

ಫೋನ್ ಇಡುವಷ್ಟರಲ್ಲಿ, ಮಹಡಿಯಲ್ಲಿ ಒಬ್ಬರೇ ಇದ್ದ ಮೇಲ್ಮನೆಯವರು ಬಾಗಿಲಲ್ಲಿ ನಿಂತಿದ್ದರು. ಅವರು ಬೇರೆ ಗ್ರಹದವರೆಂದು ಬೀದಿಗೆಲ್ಲ ಗೊತ್ತಿತ್ತು. ಆದರೆ ನಲ್ಲಿ ನೀರು ಪೋಲು ಮಾಡುವವರಲ್ಲ, ಬಾಗಿಲನ್ನು ಧಡಾರನೆ ಹಾಕುವವರಲ್ಲ. ಹಾಗಾಗಿ ಯಾರೂ ಆ ಮಾತೆತ್ತುತ್ತಿರಲಿಲ್ಲ. ಮನುಷ್ಯರಲ್ಲದಿದ್ದರೇನು, ಮರ್ಯಾದಸ್ಥರು ಎನ್ನುವುದು ಅತ್ತೆಯ ತೀರ್ಮಾನ.

“ಅಮ್ಮಾ, ಈ ಹೊತ್ನಲ್ಲಿ ಕೇಳೋಕೆ ಸಂಕೋಚ ಆಗುತ್ತೆ,” ಎಂದರು ಅವರು. “ಯಜಮಾನರು ನಮ್ಮದೊಂದು ತಟ್ಟೆ ತಗೊಂಡಿದ್ರು. ಊರಿಗೆ ಹೊರಟಿದ್ದೀನಿ. ಅದಿಲ್ದೆ ನಮ್ಮ ಗಾಡಿ ಏಳಲ್ಲ.”

ಊಟದ ತಟ್ಟೆಯೇ ಎಂದು ಅತ್ತೆ ವಿಚಾರಿಸಿದರು. ಅಲ್ಲವಂತೆ. ಅದರ ಮೇಲೆ ಏನಿಟ್ಟರೂ ಭಾರ ಕಳೆದುಕೊಂಡು ಮೇಲೇಳುತ್ತದಂತೆ.

“ಅಷ್ಟು ದೂರ ಹೋಗ್ಬೇಕಾದೋರು ಗಾಡಿ ಚಕ್ರಾನೇ ಬಿಚ್ಚಿ ಕೊಟ್ಟು ಕೂತಿದ್ರಾ?”

“ಅವರು ಕೇಳಿದ್ರೆ ಇಲ್ಲ ಅನ್ನೋಕೆ ಬಾಯಿ ಬರ್ತಿರ್ಲಿಲ್ಲ, ದೊಡ್ಡಮ್ಮ.”

ಹುಡುಕಿ ತಂದುಕೊಡುವುದಾಗಿ ಹೇಳಿ ಅವಳು ಅವರನ್ನು ಕಳಿಸಿದಳು. ಕಾಲು ಮಾತ್ರ ಅಲ್ಲಿಂದ ಏಳಲಿಲ್ಲ. ಅವಳು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವಳು. ಇಂಥ ತಟ್ಟೆಯೊಂದು ಮನೆಯಲ್ಲಿದ್ದ ಮೇಲೆ ದಾರ ಯಾರಿಗೆ ಬೇಕು? ಹಾಗಾದರೆ ತಾನು ಇಷ್ಟು ದಿನ ಬೆರಗಾಗಿ ನೋಡಿದ್ದು ಗಂಡನ ಕೈಚಳಕವನ್ನೋ, ಎರವಲು ತಂದ ತಟ್ಟೆಯನ್ನೋ? ನಿರ್ದೇಶಕನಿಗೆ ಮತ್ತೆ ಫೋನ್ ಮಾಡಿ ಆ ಸಾಲು ತೆಗೆಸಬೇಕೇ? ಗಂಡ ಹೋದ. ಉಳಿದದ್ದು ಅದೊಂದೇ ಸಾಲು.

ಹಿಂದಿನ ಕೋಣೆ ಗಂಡನ ಕೆಲಸದ ಜಾಗ. ತಟ್ಟೆ ಸಿಕ್ಕಿದ್ದು ಬಣ್ಣದ ಡಬ್ಬಿಗಳ ಹಿಂದೆ, ಗೋಡೆಗೆ ಒರಗಿಸಿಟ್ಟಲ್ಲಿ. ಅದರ ಹಿಂಬದಿಯಲ್ಲಿ ಬೆರಳಲ್ಲಿ ಬರೆಯಬಹುದಾದಷ್ಟು ಧೂಳು. ಮೇಜಿನ ಮೇಲೆ ಅದನ್ನು ಮಲಗಿಸಿ, ಸೊಟ್ಟ ಲೋಟವನ್ನು ಅದರ ಮೇಲಿಟ್ಟಳು.

ಲೋಟ ಸಟ್ಟನೆ ಗೇಣುದ್ದ ಮೇಲೆದ್ದು ನಿಂತಿತು. ಅಲುಗಲಿಲ್ಲ. ಕಾಣದ ಹಲಗೆಯ ಮೇಲೆ ಯಾರೋ ಇಟ್ಟುಹೋದಂತಿತ್ತು.

ಹಿಂದೆಯೇ ಬಂದಿದ್ದ ಅತ್ತೆ ಕನ್ನಡಕ ಸರಿಮಾಡಿಕೊಂಡು ನೋಡಿದರು. “ಇದೇನೇ, ಮೊಳೆಗೆ ನೇತುಹಾಕಿದ ಹಾಗಿದೆ. ನನ್ ಮಗನ ಲೋಟ ಹೀಗಿರ್ಲಿಲ್ಲ. ಅದಕ್ಕೆ ಜೀವ ಇತ್ತು.”

ಹೌದು, ಇತ್ತು. ಧಾರಾವಾಹಿಯಲ್ಲಿ ಆ ಲೋಟ ಮೊದಲು ಚೂರು ನಡುಗುತ್ತಿತ್ತು. ಹೋಗಲೋ ಬೇಡವೋ ಎಂದು ಕಪ್ತಾನನ ಕಡೆಗೊಮ್ಮೆ ವಾಲುತ್ತಿತ್ತು. ಆಮೇಲೆ, ಅಪ್ಪಣೆ ಸಿಕ್ಕ ಮಗುವಿನಂತೆ, ಮೆಲ್ಲಗೆ ಏಳುತ್ತಿತ್ತು. ನಿಜವಾಗಿ ಭಾರ ಕಳೆದುಕೊಂಡ ವಸ್ತುವಿಗೆ ಅಂಥ ಹಿಂಜರಿಕೆ ಇರುವುದಿಲ್ಲ ಎಂದು ಅವಳೇ ಒಮ್ಮೆ ಗಂಡನ ತಪ್ಪು ಹಿಡಿದಿದ್ದಳು. ಅವನು ನಕ್ಕಿದ್ದ.

ತಟ್ಟೆಯನ್ನು ಬದಿಗೆ ಸರಿಸಿ, ಸೂರಿನ ಚೌಕಟ್ಟಿನಿಂದ ಇಳಿಬಿದ್ದಿದ್ದ ದಾರಗಳನ್ನು ಲೋಟಕ್ಕೆ ಸಿಕ್ಕಿಸಿದಳು. ಅವುಗಳ ಇನ್ನೊಂದು ತುದಿಯ ಉಂಗುರಗಳನ್ನು ಬೆರಳಿಗೆ ಹಾಕಿಕೊಂಡು ಎಳೆದಳು. ಲೋಟ ಕುಡುಕನ ಹಾಗೆ ತೂರಾಡಿ ನೆಲಕ್ಕೆ ಬಿತ್ತು. ಮತ್ತೆ ಎಳೆದಳು, ಮತ್ತೆ ಬಿತ್ತು. ಉಂಗುರಗಳು ಬೆರಳ ಬುಡದಲ್ಲಿ ಕೆಂಪು ಗೆರೆ ಮೂಡಿಸಿದವು. ಉರಿಯಿತು. ಗಂಡನ ಬೆರಳುಗಳಲ್ಲಿ ಆ ಜಾಗದ ಚರ್ಮ ದಡ್ಡುಗಟ್ಟಿತ್ತು. ಅವಳು ಅಲ್ಲೇ ನೆಲದ ಮೇಲೆ ಕೂತು ಅತ್ತಳು. ಅತ್ತೆ ಪಕ್ಕದಲ್ಲಿ ಕೂತರು.

ಆ ಸಾಲು ಇದ್ದಂತೆಯೇ ಇರಲಿ. ನಿರ್ದೇಶಕನಿಗೆ ಫೋನ್ ಮಾಡುವ ಅಗತ್ಯವಿರಲಿಲ್ಲ.

ತಟ್ಟೆಯ ಧೂಳೊರೆಸಿಕೊಂಡು ಮೆಟ್ಟಿಲು ಹತ್ತಿದಳು. ಮೇಲ್ಮನೆಯವರು ಗಂಟುಮೂಟೆ ಕಟ್ಟಿ ಟಿವಿಯೊಂದನ್ನು ಮಾತ್ರ ಬಿಟ್ಟಿದ್ದರು. ಕೊನೆಯ ಕಂತು ನೋಡದೆ ಹೊರಟರೆ ಊರಲ್ಲಿ ಹೆಂಡತಿ ಮನೆಯೊಳಗೆ ಸೇರಿಸುವುದಿಲ್ಲವಂತೆ. ತಟ್ಟೆಯನ್ನು ಗಂಡ ಎಷ್ಟು ಸಲ ಬಳಸಿದ್ದ ಎಂದು ಅವಳು ಕೇಳಿದಳು.

“ಒಂದೇ ಸಲ, ಅಮ್ಮಾ. ‘ಇದರಲ್ಲಿ ಲೋಟ ತೇಲಲ್ಲ, ಮೇಲಿರುತ್ತೆ ಅಷ್ಟೇ’ ಅಂದ್ರು. ವಾಪಸ್ ಕೊಡ್ತೀನಿ ಅಂತಿದ್ದೋರು ಹಾಸಿಗೆ ಹಿಡಿದ್ರು.” ಅವರು ಟಿವಿಯ ಕಡೆ ನೋಡಿದರು. “ನಮ್ಮ ಕಡೆ ಎಲ್ಲಾನೂ ತೇಲುತ್ತೆ. ಯಾರೂ ತಿರುಗಿ ನೋಡಲ್ಲ. ನಾನು ಕಳಿಸೋ ಕಂತುಗಳಲ್ಲಿ ಯಜಮಾನರ ಲೋಟ ನೋಡಿದ ಮೇಲೆ ನಮ್ಮ ಜನ ತಮ್ಮ ತಮ್ಮ ಲೋಟ ನೋಡ್ತಾ ಕೂತ್ಕೋತಾರಂತೆ.”

“ಕೊಡೋದು ತಡವಾಯ್ತು,” ಎಂದು ಅವಳು ತಟ್ಟೆಯನ್ನು ಮುಂದೆ ಹಿಡಿದಳು.

ಅವರು ಎರಡೂ ಕೈ ಚಾಚಿ ತೆಗೆದುಕೊಂಡರು.