ಭೇಟಿಯ ಅಳು

ದುರ್ಗಾಬಾಯಿಗೆ ಕೂತು ಮಾಡುವ ಕೆಲಸ ಸಿಕ್ಕಿ ಹನ್ನೊಂದು ದಿನವಾಗಿತ್ತು. ಆದರೆ ಕೂರುವುದೊಂದು ಮಾತ್ರ ಅವಳಿಗೆ ಬರುತ್ತಿರಲಿಲ್ಲ. ಹದಿನೆಂಟು ವರ್ಷ ಗೋವಾದ ಕಲಂಗುಟ್ ಬೀಚಿನ ಮರಳಿನಲ್ಲಿ, ಹೆಗಲ ಮೇಲೆ ಬೆಡ್‌ಶೀಟು ಹೇರಿಕೊಂಡು, ಕೈತುಂಬ ಮಣಿಸರ ನೇತುಹಾಕಿಕೊಂಡು ನಡೆದ ಕಾಲುಗಳವು. ಈಗ ರೆಸಾರ್ಟಿನ ಲಾಬಿಯಲ್ಲಿ ಗುಂಡನೆಯ ಕಟ್ಟೆ, ಅದರ ಮೇಲೆ ಜಮಖಾನ, ನೆತ್ತಿಯ ಮೇಲೆ ಏಸಿ. ಬೆಳಿಗ್ಗೆ ಹತ್ತರಿಂದ ಸಂಜೆ ಆರರವರೆಗೆ ಬಟ್ಟೆಗೆ ಕನ್ನಡಿ ಹೊಲಿಯುತ್ತ ಕೂರಬೇಕು, ಬಂದವರು ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳಬೇಕು. ಅಷ್ಟೇ ನೋಡಿ ಕೆಲಸ! ಗಳಿಗೆಗೊಮ್ಮೆ ಅವಳ ಕಾಲು ತಾನಾಗಿಯೇ ಕಟ್ಟೆಯಿಂದ ಇಳಿಯುತ್ತಿತ್ತು. ಅದನ್ನು ಎಳೆದು ಮತ್ತೆ ಮಡಚಿಕೊಳ್ಳುತ್ತಿದ್ದಳು.

ಗೋವಾಕ್ಕೆ ಬರುವ ಜನ ಹೆಚ್ಚಿದಷ್ಟೂ ಮರಳಿನ ಮೇಲೆ ತಿರುಗಿ ಮಾರುವವರಿಗೆ ಜಾಗ ಕಡಿಮೆಯಾಗುತ್ತ ಬಂದಿತ್ತು. ಹೊಸ ಹೋಟೆಲುಗಳು ಎದ್ದವು, ಅವುಗಳ ಮುಂದೆ ಮಂಚಗಳು ಬಂದವು, ಮಂಚದ ಮೇಲೆ ಮಲಗಿದ ಪುಣ್ಯಾತ್ಮರಿಗೆ ಕಿರಿಕಿರಿಯಾಗುತ್ತದೆಂದು ಮಾರುವವರನ್ನು ಓಡಿಸುವುದು ಶುರುವಾಯಿತು. ಹೋದ ಸೀಸನ್ನಿನಲ್ಲಿ ದುರ್ಗಾಬಾಯಿಯ ಮಾಲಿನ ಗಂಟು ಮೂರು ಸಲ ಪೊಲೀಸರ ಪಾಲಾಯಿತು. ಮೂರನೆಯ ಸಲ ಓಡುವಾಗ ಬಿದ್ದು ಮೊಣಕಾಲು ಒಡೆದುಕೊಂಡಳು. ಆಗಲೇ ಶಿವಲಿಂಗ ಸಿಕ್ಕಿದ್ದು. ಬಾಗಲಕೋಟೆ ಕಡೆಯವನು, ತಟ್ಟೆ ತೊಳೆಯಲು ಬಂದವನು, ಈಗ ಟೈ ಕಟ್ಟಿಕೊಂಡು ಲಾಬಿ ನೋಡಿಕೊಳ್ಳುತ್ತಿದ್ದ.

“ಅಕ್ಕಾ, ನಮ್ಮ ರೆಸಾರ್ಟ್‌ನ್ಯಾಗ ಲಂಬಾಣಿ ಕಸೂತಿ ಮಾಡಿ ತೋರ್ಸೋರು ಬೇಕಾಗ್ಯಾರ. ಗುರ್ತಿನ ಕಾರ್ಡ್ ಕೊಡ್ತಾರ, ಯಾರೂ ಓಡ್ಸಂಗಿಲ್ಲ. ಆದ್ರ ಪೂರಾ ಡ್ರೆಸ್ ಬೇಕು ನೋಡ್ರಿ. ತೋಳಿಗೆ ಆ ಬಿಳಿ ಬಳಿ, ಕಿವಿ ಹತ್ರ ಜೋತಾಡ್ತಾವಲ್ಲ, ಆ ಬೆಳ್ಳಿ ಗೊಂಡೇನೂ ಇರ್ಬೇಕು.”

ಅವನಿಗೇನು ಗೊತ್ತು, ಪಾಪ! ಕೂದಲಿಗೆ ಕಟ್ಟಿ ಇಳಿಬಿಡುವ ಆ ಘುಗ್ರಿ, ತೋಳಿನ ಆ ಬಿಳಿ ಬಳೆ, ಎರಡೂ ಗಂಡ ಇದ್ದವರಿಗೆ ಮಾತ್ರ. ಎರಡು ವರ್ಷದ ಹಿಂದೆ ಫಾತೋರ್ಡಾದಲ್ಲಿ ಕಟ್ಟಡದ ಮೇಲಿಂದ ಬಿದ್ದು ಅವಳ ಗಂಡ ಗೋಪಪ್ಪ ಸತ್ತಾಗ ಅವನ ತಾಯಿ ಧಾಮಿಬಾಯಿಯೇ ಅಳುತ್ತಳುತ್ತ ಸೊಸೆಯ ಘುಗ್ರಿ, ಬಳೆ ಬಿಚ್ಚಿ ಟ್ರಂಕಿನಲ್ಲಿಟ್ಟಿದ್ದಳು. ಈಗ ಸೊಸೆ ಆ ಟ್ರಂಕಿನಿಂದಲೇ ಕದ್ದು ತಂದಿದ್ದಳು. ದಿನಾ ಬೆಳಿಗ್ಗೆ ರೆಸಾರ್ಟಿನ ಕೆಲಸದವರ ಬಾತ್‌ರೂಮಿನಲ್ಲಿ ಕಟ್ಟಿಕೊಳ್ಳುವುದು, ಸಂಜೆ ಬಿಚ್ಚಿ ಊಟದ ಚೀಲದ ತಳಕ್ಕೆ ಹಾಕುವುದು. ಮುದುಕಿಗೆ ಗೊತ್ತಾದರೆ ಯಾವ ಮುಖ ಇಟ್ಟುಕೊಂಡು ಅವಳ ಕೈಯ ರೊಟ್ಟಿ ತಿನ್ನುವುದು? ಕೆಲಸ ಬಿಟ್ಟರೆ ಮತ್ತೆ ಆ ಮರಳು, ಆ ಓಟ. ಮಗಳು ಪೂಜಾಳ ನರ್ಸಿಂಗ್ ಓದು ಇನ್ನೂ ಎರಡು ವರ್ಷ ಬಾಕಿ ಇತ್ತು.

ಮೊದಲಾದರೆ ಇಂಥ ಹೋಟೆಲಿಗೆ ಬರುತ್ತಿದ್ದವರು ರಷ್ಯಾದವರು, ಇಂಗ್ಲೆಂಡಿನವರು. ಅವರಿಗೆ ಘುಗ್ರಿಯೂ ಒಂದೇ, ಗೆಜ್ಜೆಯೂ ಒಂದೇ. ಈಗ ಹುಬ್ಬಳ್ಳಿ, ವಿಜಯಪುರ, ಸೊಲ್ಲಾಪುರದ ಕಾರುಗಳೂ ಬಂದು ನಿಲ್ಲುತ್ತಿದ್ದವು. ನಮ್ಮವರ ಕೈಯಲ್ಲೂ ನಾಲ್ಕು ಕಾಸು ಓಡಾಡುತ್ತಿದೆ, ಅವರೂ ಸಮುದ್ರ ನೋಡಲಿ, ಯಾರು ಬೇಡವೆಂದರು? ಆದರೆ ಗಾಜಿನ ಬಾಗಿಲು ಸರಿದಾಗಲೆಲ್ಲ ದುರ್ಗಾಬಾಯಿ ಬೆಚ್ಚಿ ತಲೆ ಎತ್ತುತ್ತಿದ್ದಳು. ಗುರುತಿನವರು ಯಾರಾದರೂ ಬಂದುಬಿಟ್ಟರೆ? ಸೂಜಿ ಬಟ್ಟೆ ಬಿಟ್ಟು ಎಷ್ಟು ಸಲ ಬೆರಳಿಗೆ ಚುಚ್ಚಿತೋ ಲೆಕ್ಕವಿಲ್ಲ.

ಹನ್ನೊಂದನೆಯ ದಿನ ಮಧ್ಯಾಹ್ನ ಇಳಿದ ಮೇಲೆ ಬಾಗಿಲು ಸರಿಯಿತು. ಮುಂದೆ ಸೂಟ್‌ಕೇಸು ಉರುಳಿಸಿಕೊಂಡು ಒಬ್ಬ ಹುಡುಗ, ಅವನ ಹೆಂಡತಿ. ಹಿಂದೆ ಚೂಡಿದಾರ ತೊಟ್ಟು, ತಂಪು ಕನ್ನಡಕ ತಲೆಗೇರಿಸಿಕೊಂಡ ಹುಡುಗನ ತಾಯಿ. ದುರ್ಗಾಬಾಯಿ ತಲೆ ತಗ್ಗಿಸಿದಳು. ತಗ್ಗಿಸಿದರೆ ಬಿಟ್ಟಾರೆಯೇ! ಬಂದವಳು ರೇಣು, ಸೋದರಮಾವನ ಮಗಳು. ಒಂದೇ ತಾಂಡಾದಲ್ಲಿ ಒಂದೇ ತಟ್ಟೆಯಲ್ಲಿ ಉಂಡವರು. ಎಂದೋ ಮದುವೆಯಾಗಿ ಪುಣೆಯ ಕಡೆ ಹೋದವಳು; ಕೊನೆಯ ಸಲ ನೋಡಿ ಹದಿನಾರು ವರ್ಷವಾಗಿತ್ತು.

“ಏ ದುರ್ಗೀ! ನೀ ದುರ್ಗಿ ಹೌದಿಲ್ಲೋ?” ಎಂದು ಅವಳು ಲಂಬಾಣಿಯಲ್ಲೇ ಕೂಗಿದಳು. “ಯವ್ವಾ, ಹೆಂಗ ಮದಲಗಿತ್ತಿ ಆಗಿ ಕುಂತೀ ನೋಡ! ಗೋಪಣ್ಣ ಹೆಂಗದಾನ?”

“ಚಲೋ ಅದಾನ. ಕೆಲಸಕ್ಕ ಹೋಗ್ಯಾನ.”

ಬಾಯಿಂದ ಬಂದೇಬಿಟ್ಟಿತು. ಬಂದ ಮೇಲೆ ದುರ್ಗಾಬಾಯಿ ಕಟ್ಟೆಯ ಮೇಲೆ ಹಿಂದಕ್ಕೆ ಸರಿದಳು. ಯಾಕೆಂದರೆ ರೇಣು ಆಗಲೇ ಎರಡೂ ತೋಳು ಚಾಚಿದ್ದಳು.

ಬಹಳ ದಿನದ ಮೇಲೆ ಸಿಕ್ಕ ಲಂಬಾಣಿ ಹೆಂಗಸರು ಸುಮ್ಮನೆ ಮಾತಾಡಿಸಿ ಹೋಗುವುದಿಲ್ಲ. ಕೊರಳಿಗೆ ಕೊರಳು ಹಾಕಿ, ರಾಗ ಎತ್ತಿ ಅಳುತ್ತಾರೆ. ಹಿಂದಿನ ಭೇಟಿಯಿಂದ ಈಚೆಗೆ ಯಾರ್‍ಯಾರು ತೀರಿಕೊಂಡರೋ ಅವರನ್ನೆಲ್ಲ ಹೆಸರು ಹಿಡಿದು ಕರೆದು ಅಳುತ್ತಾರೆ. ಆ ಅಳುವಿನಲ್ಲಿ ಯಾರೂ ಸುಳ್ಳು ಹೇಳುವುದಿಲ್ಲ, ಹೇಳಲು ಬರುವುದೂ ಇಲ್ಲ.

“ಇಲ್ಲಿ ಬ್ಯಾಡ ರೇಣು, ಡ್ಯೂಟಿ ಮ್ಯಾಲದೀನಿ.”

“ನಿನ್ನ ಡ್ಯೂಟಿ ಗೀಟಿ ಅತ್ಲಾಗ ಇಡ!” ಎಂದವಳೇ ರೇಣು ಕಟ್ಟೆ ಹತ್ತಿ ತಬ್ಬಿಕೊಂಡಳು. ತಂಪು ಕನ್ನಡಕ ಜಾರಿ ನೆಲಕ್ಕೆ ಬಿತ್ತು. ಅವಳು ರಾಗ ಎತ್ತಿದಳು, ತನ್ನ ತಂದೆಯನ್ನು ಕರೆದಳು, ಹುಟ್ಟಿ ಮೂರೇ ದಿನಕ್ಕೆ ಹೋದ ಮೊಮ್ಮಗುವನ್ನು ಕರೆದಳು. ಆಮೇಲೆ ಉಸಿರು ಎಳೆದುಕೊಂಡು ನಿಲ್ಲಿಸಿದಳು. ಇನ್ನು ದುರ್ಗಾಬಾಯಿಯ ಸರದಿ.

ಅವಳು ದೊಡ್ಡಪ್ಪನನ್ನು ಕರೆದಳು. ಸೂಲಗಿತ್ತಿ ಮುದುಕಿಯನ್ನು ಕರೆದಳು. ಇಷ್ಟಕ್ಕೇ ನಿಲ್ಲಿಸಿಬಿಡಬೇಕು ಎಂದುಕೊಂಡಳು. ಎಲ್ಲಿ ನಿಲ್ಲುತ್ತದೆ? ಎರಡು ವರ್ಷ ಮುಚ್ಚಿಟ್ಟುಕೊಂಡದ್ದು ಹೊಟ್ಟೆಯಿಂದ ಎದ್ದು ಬಂತು.

“ಸುಳ್ಳು ಹೇಳಿನೆವ್ವಾ ನಿನಗ, ನನ್ನ ಗೋಪಪ್ಪ ಇಲ್ಲವ್ವಾ! ಮುಂಜಾನಿ ರೊಟ್ಟಿ ಕಟಗೊಂಡು ಹೋದಾಂವ ಸಂಜಿಗಿ ಚಾದರದಾಗ ಬಂದನವ್ವಾ!”

ರೇಣುವಿನ ಕೈ ಅವಳ ಕಿವಿಯ ಪಕ್ಕದ ಘುಗ್ರಿಗೆ ತಾಗಿ ನಿಂತಿತು.

“ಹೊಟ್ಟಿಗಾಗಿ ಕಟಗೊಂಡೀನವ್ವಾ, ನಮ್ಮತ್ತಿಗಿ ಗೊತ್ತಿಲ್ಲವ್ವಾ!”

ರೇಣು ಬೈಯಲಿಲ್ಲ, ದೂರ ಸರಿಯಲೂ ಇಲ್ಲ. ಇನ್ನಷ್ಟು ಬಿಗಿಯಾಗಿ ಅಪ್ಪಿಕೊಂಡು ಗೋಪಪ್ಪನ ಹೆಸರು ಹಿಡಿದು ಅವಳೂ ಅತ್ತಳು. ದುರ್ಗಾಬಾಯಿಗೆ ಅಷ್ಟು ದಿನಗಳಲ್ಲಿ ಮೊದಲ ಸಲ ಹಗುರವೆನಿಸಿತು.

ಆಗ ಚಪ್ಪಾಳೆ ಬಿತ್ತು. ಕಣ್ಣೊರೆಸಿಕೊಂಡು ನೋಡಿದರೆ ಕಟ್ಟೆಯ ಸುತ್ತ ಜನವೋ ಜನ, ಎಲ್ಲರ ಕೈಯಲ್ಲೂ ಮೊಬೈಲು. ಶಿವಲಿಂಗ ಹಲ್ಲು ಕಿರಿಯುತ್ತ ಓಡಿಬಂದ.

“ಅಕ್ಕಾ, ದೊಡ್ಡ ಸಾಹೇಬ್ರು ಮ್ಯಾಲಿಂದ ನೋಡಿದ್ರು, ಭಾಳ ಖುಷಿಯಾಗ್ಯಾರ! ದಿನಾ ನಾಕಕ್ಕ ಹಿಂಗ ಹತ್ತು ಮಿನಿಟ್ ಅಳಬೇಕಂತ. ಜೋಡಿಗೆ ಒಬ್ಬಾಕಿನ್ನ ಕರಕೊಂಡು ಬರ್ರಿ, ಆಕಿಗೂ ಕಾರ್ಡ್ ಮಾಡಿಸ್ತೀನಿ.”

“ಏನಂತ ಅತ್ತೇವಿ, ತಿಳೀತೇನಪಾ?”

“ನಿಮ್ಮ ಲಂಬಾಣಿ ಮಾತು ತಿಳೀಲಿಲ್ರಿ. ಆದ್ರ ರಾಗ ಭಾಳ ಚಲೋ ಇತ್ತು.”

ದುರ್ಗಾಬಾಯಿ ಕಟ್ಟೆ ಇಳಿದಳು. “ಮನಿಗಿ ನಡಿ ರೇಣು, ಅತ್ತಿ ಮುಂದ ನಾನ ಹೇಳ್ತೀನಿ” ಎಂದು ಅವಳ ಕೈ ಹಿಡಿದು ಬಾಗಿಲ ಕಡೆ ಹೊರಟಳು. ಶಿವಲಿಂಗ ಗಾಬರಿಯಾಗಿ ಅಡ್ಡ ಬಂದ. “ಅಕ್ಕಾ, ನಾಳಿ ನಾಕಕ್ಕ ಬರ್ತೀರಲ್ರಿ?”

“ನನ್ನ ಗಂಡ ಸತ್ತಾನಂತ ಅತ್ತೀನಿ, ತಮ್ಮಾ,” ಎಂದಳು ದುರ್ಗಾಬಾಯಿ. “ದಿನಾ ನಾಕಕ್ಕ ಸಾಯಾಕ ನನಗ ಇದ್ದಾಂವ ಅವನೊಬ್ಬನ.”