ಅಪ್ಪಣೆ ಬೇಡದ ಕೆರೆ

ಪೆಟ್ಟಿಗೆಯವನು ಮೊಣಕಾಲೂರಿ ಮೇಜಿನ ಕೆಳಗೆ ಕೈ ಚಾಚಿದ್ದೇ ತಡ, ಬೆಳಗ್ಗೆಯಿಂದ ಗೋಡೆಗೆ ಒರಗಿ ಕೂತಿದ್ದ ಅಂಚೆಯಣ್ಣ ಎದ್ದು ಬಂದು ಅವನ ಮುಂಗೈ ಹಿಡಿದುಕೊಂಡ.

"ಆ ಪ್ಲಗ್ ಮುಟ್ಟಬೇಡಪ್ಪ," ಎಂದ.

ಸಾವಿನ ಮನೆಗಳಿಗೆ ತಂಪು ಪೆಟ್ಟಿಗೆ ಸಾಗಿಸುವುದು ಪೆಟ್ಟಿಗೆಯವನ ಕಸುಬು. ದುಃಖದಲ್ಲಿ ಜನ ಕಂಬ ಹಿಡಿದದ್ದು, ಕಾಲು ಹಿಡಿದದ್ದು ಎಲ್ಲ ನೋಡಿದ್ದ. ಪ್ಲಗ್ಗು ಕಾಯುವವರನ್ನು ನೋಡಿರಲಿಲ್ಲ. ಪಾಪ, ಸಮಾಧಾನದಿಂದಲೇ ವಿವರಿಸಿದ. ಸತ್ತವಳ ಅಕ್ಕ ರೈಲಿಳಿದು ಬರುವುದು ಸಂಜೆ ನಾಲ್ಕಕ್ಕೆ, ಅಲ್ಲಿಯವರೆಗೆ ದೇಹ ಪೆಟ್ಟಿಗೆಯಲ್ಲೇ ಇರಬೇಕು. ಪೆಟ್ಟಿಗೆಗೆ ಗೋಡೆಯ ದಪ್ಪ ಪ್ಲಗ್ಗೇ ಆಗಬೇಕು, ಅಡುಗೆಮನೆಯಿಂದ ತಂತಿ ಎಳೆದರೆ ತಂತಿ ಸುಟ್ಟುಹೋಗುತ್ತದೆ. ಮನೆಯಲ್ಲಿ ಅಂಥದ್ದಿರುವುದು ಈ ಕೋಣೆಯ ಒಂದೇ ಪ್ಲಗ್ಗು, ಅದರಲ್ಲಿ ಕಂಪ್ಯೂಟರ್ ಕೂತಿದೆ.

ಅಂಚೆಯಣ್ಣ ಎಲ್ಲಕ್ಕೂ ತಲೆಯಾಡಿಸಿದ. ಮುಂಗೈ ಮಾತ್ರ ಬಿಡಲಿಲ್ಲ.

ಮೇಜಿನ ಮೇಲೆ ಕಂಪ್ಯೂಟರ್ ಉರಿಯುತ್ತಲೇ ಇತ್ತು. ಅದರೊಳಗೊಂದು ಆಟ, ಆಟದಲ್ಲೊಂದು ಕೆರೆ. ಕೆರೆಯ ನಡುವೆ ಪುಟ್ಟ ದೋಣಿ, ದೋಣಿಯಲ್ಲಿ ಹುಲ್ಲಿನ ಟೋಪಿ ಹಾಕಿಕೊಂಡ ಹೆಂಗಸು ನೀರಿಗೆ ಗಾಳ ಬಿಟ್ಟು ಕೂತಿದ್ದಳು. ಅಂಚೆಯಣ್ಣನ ಹೆಂಡತಿ, ಊರೆಲ್ಲ ಇಸ್ತ್ರಿಯಕ್ಕ ಎನ್ನುತ್ತಿದ್ದವಳು, ದಿನಾ ಐದಕ್ಕೆ ಎದ್ದು ಕೆಲಸಕ್ಕೆ ಹೋಗುವ ಮುನ್ನ ಒಂದು ತಾಸು ಈ ಕೆರೆಯ ಮುಂದೆ ಕೂರುವವಳು. ಇವತ್ತೂ ಕೂತಿದ್ದಳು. ಅಂಚೆಯಣ್ಣ ಕಾಫಿ ತಂದಾಗ ತಲೆ ಒಂದು ಕಡೆಗೆ ವಾಲಿತ್ತು; ಮೀನು ಬಂತೇನೋ, ಬಗ್ಗಿ ನೋಡುತ್ತಿದ್ದಾಳೆ ಅಂದುಕೊಂಡ. ಲೋಟ ಕೈಯಲ್ಲಿ ಹಿಡಿದು ಎಷ್ಟು ಹೊತ್ತು ಕಾದನೋ ಅವನಿಗೇ ಗೊತ್ತಿಲ್ಲ. ಆಮೇಲೆ ಡಾಕ್ಟರು ಬಂದು ಹೃದಯ ನಿಂತಿದೆ ಎಂದರು.

ಈಗ ಕೋಣೆಯ ಗೋಡೆಗಳ ಮೇಲೆ ನೀರಿನ ಬೆಳಕು ಆಡುತ್ತಿತ್ತು. ಬಂದವರು ಮಂಚದ ಮೇಲಿದ್ದವಳನ್ನು ಒಂದು ಗಳಿಗೆ ನೋಡಿ, ಕಣ್ಣೊರೆಸಿಕೊಂಡು, ಮತ್ತೆ ಎಲ್ಲಿ ನೋಡಬೇಕೋ ತಿಳಿಯದೆ ಕೆರೆಯನ್ನು ನೋಡುತ್ತ ಕೂರುತ್ತಿದ್ದರು. ಪಕ್ಕದ ಮನೆಯ ಅಜ್ಜಿಯಂತೂ ಯಾವಾಗಿನಿಂದ ಗಾಳ ಹಾಕಿದ್ದಾಳೆ, ಇನ್ನೂ ಒಂದು ಮೀನೂ ಇಲ್ಲವಲ್ಲ ಎಂದು ಮರುಗಿದಳು.

ಅಂಚೆಯಣ್ಣನ ತಮ್ಮನಿಗೆ ತಡೆಯಲಾಗಲಿಲ್ಲ. ಬಿಸಿಲು ಏರುತ್ತಿತ್ತು, ಹತ್ತು ಜನ ನೋಡುತ್ತಿದ್ದರು.

"ಅಣ್ಣ, ಅತ್ತಿಗೆಗಿಂತ ಅತ್ತಿಗೆ ಆಟಾನೇ ಹೆಚ್ಚಾಯ್ತಾ ನಿಂಗೆ?"

ಅದಕ್ಕೆ ಉತ್ತರ ಕೊಡಬೇಕಿದ್ದರೆ ಅಂಚೆಯಣ್ಣ ಆರು ವರ್ಷದ ಹಿಂದಿನಿಂದ ಶುರು ಮಾಡಬೇಕಾಗಿತ್ತು.

* * *

ಇಸ್ತ್ರಿಯಕ್ಕ ಆಸ್ಪತ್ರೆಯ ಬಟ್ಟೆಕೋಣೆಯಲ್ಲಿ ಇಪ್ಪತ್ತೆಂಟು ವರ್ಷ ಹಾಸಿಗೆ ಬಟ್ಟೆಗೂ ರೋಗಿಗಳ ಅಂಗಿಗೂ ಇಸ್ತ್ರಿ ಹಾಕಿದಳು. ಒಂದೊಂದಕ್ಕೂ ಒಂದೊಂದು ನಂಬರು, ಒಂದೂ ಅವಳದಲ್ಲ. ಮನೆ ಬಾಡಿಗೆಯದು. ಮೈಮೇಲಿನ ನೀಲಿ ಕೋಟು ಕೂಡ ಕೆಲಸ ಬಿಡುವಾಗ ಮಡಿಸಿ ವಾಪಸು ಕೊಡಬೇಕಾದದ್ದು. ಇಂಥವಳು ಇಂಟರ್ನೆಟ್ಟಿನ ಒಂದು ಅಂಗಡಿಯಲ್ಲಿ ಈ ಕೆರೆಯ ಆಟ ಕೊಂಡು, ನಾಲ್ಕು ವರ್ಷ ದಂಡೆಯಲ್ಲಿ ಮನೆ ಕಟ್ಟಿ, ತಾವರೆ ಬೆಳೆಸಿ, 'ನನ್ನ ಕೆರೆ' ಎನ್ನುತ್ತಿದ್ದಳು. ಬೇರೆ ಯಾವುದನ್ನೂ ಅವಳು ನನ್ನದು ಎಂದದ್ದನ್ನು ಅಂಚೆಯಣ್ಣ ಕೇಳಿರಲಿಲ್ಲ.

ದಿನಕ್ಕೆ ಎಂಟು ತಾಸು ಇಸ್ತ್ರಿಪೆಟ್ಟಿಗೆ ಹಿಡಿಯುವವಳ ಕೈಗೆ ಮನೆಯಲ್ಲೂ ಅದನ್ನೇ ಕೊಡಬಾರದು ಎಂಬುದು ಅವನ ನೇಮ. ತನ್ನ ಅಂಗಿಗೆ ತಾನೇ ಇಸ್ತ್ರಿ ಹಾಕಿಕೊಳ್ಳುತ್ತಿದ್ದ. ಆರು ವರ್ಷದ ಹಿಂದೆ ಒಂದು ದಿನ ಅಂಚೆ ಕಚೇರಿಯಲ್ಲಿ ಯಾರದೋ ಬೀಳ್ಕೊಡುಗೆ. ಅವಳು ಆಟ ತೆರೆದಿಟ್ಟೇ ಕೆಲಸಕ್ಕೆ ಹೋಗಿದ್ದಳು. ಇವನು ಅವಸರದಲ್ಲಿ ಕಂಪ್ಯೂಟರಿನ ಪ್ಲಗ್ಗು ಕಿತ್ತು, ಅಂಗಿ ಗರಿಗರಿ ಮಾಡಿಕೊಂಡು, ಪ್ಲಗ್ಗು ವಾಪಸು ಹಾಕಿ ಹೊರಟ.

ಸಂಜೆ ಆಟ ತೆರೆಯಲಿಲ್ಲ. ಬೂದು ಬಣ್ಣದ ಚೌಕ, ಅದರಲ್ಲಿ ಒಂದು ಸಾಲು ಬರಹ, ಅಷ್ಟೇ. ಅವಳು ಕೋಟು ಬಿಚ್ಚದೆ ಅದರ ಮುಂದೆ ಕೂತೇ ಇದ್ದಳು. "ಕೆರೆ ಹೋಯ್ತು," ಎಂದಳು.

ಮೂವತ್ತನಾಲ್ಕು ವರ್ಷದಲ್ಲಿ ಒಬ್ಬರ ಒಂದು ಕಾಗದವನ್ನೂ ಕಳೆಯದ ಮನುಷ್ಯ ಹೆಂಡತಿಯ ಕೆರೆ ಕಳೆದಿದ್ದ. ಹೇಳಬೇಕೆಂದು ಬಾಯಿ ತೆರೆದ, ಹೇಳಲಿಲ್ಲ. ಮಾರನೇ ದಿನ ಹೇಳುವುದು ಇನ್ನೂ ಕಷ್ಟವಾಯಿತು. ಬಾಯಲ್ಲಿಟ್ಟ ಬಿಸಿತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ತಿಂಗಳಾದ ಮೇಲೆ ಅವಳು ಅದೇ ಆಟವನ್ನು ಬೇರೊಂದು ಅಂಗಡಿಯಲ್ಲಿ ಎರಡರಷ್ಟು ಬೆಲೆ ಕೊಟ್ಟು ಕೊಂಡಳು, ಮತ್ತೆ ಬರಿಗೈಯಿಂದ ಮನೆ ಕಟ್ಟತೊಡಗಿದಳು. ಮೈದುನ ನಕ್ಕ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವಂತೆ, ಒಂದೇ ಆಟಕ್ಕೆ ಯಾರಾದರೂ ಎರಡು ಸಲ ದುಡ್ಡು ಸುರಿಯುತ್ತಾರಾ ಎಂದ.

"ಅಲ್ಲಿ ದುಡ್ಡು ಕೊಟ್ಟು ಆಡೋಕೆ ಅಪ್ಪಣೆ ತಗೊಂಡಿದ್ದೆ. ಇಲ್ಲಿ ಆಟಾನೇ ತಗೊಂಡಿದೀನಿ," ಎಂದಳು ಅವಳು. ಆಮೇಲೆ ಗಂಡನ ಕಡೆ ತಿರುಗಿ, "ಇನ್ನು ಪ್ಲಗ್ ಕಿತ್ರೂ ಇದು ಎಲ್ಲೂ ಹೋಗಲ್ಲ," ಎಂದಳು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ಅಂಚೆಯಣ್ಣನದು. ತನ್ನನ್ನೇ ಚುಚ್ಚಿದಳು ಅಂದುಕೊಂಡ. ಅಂದಿನಿಂದ ಆ ಪ್ಲಗ್ಗಿನ ಹತ್ತಿರ ಸುಳಿಯಲಿಲ್ಲ. ಇಸ್ತ್ರಿಯಕ್ಕನ ಗಂಡ ಆರು ವರ್ಷ ಸುಕ್ಕು ಅಂಗಿಯಲ್ಲಿ ಓಡಾಡಿದ.

* * *

ಹನ್ನೊಂದರ ಹೊತ್ತಿಗೆ ಬಟ್ಟೆಕೋಣೆಯ ಗೆಳತಿ ಬಂದಳು. ಇಸ್ತ್ರಿಯಕ್ಕ ಇಸ್ತ್ರಿ ಹಾಕಿದ್ದನ್ನು ಎದುರಿಗೆ ನಿಂತು ಮಡಿಸುತ್ತಿದ್ದವಳು; ಪಾಳಿಯ ನಡುವೆ ಎದ್ದು ನೀಲಿ ಕೋಟಿನಲ್ಲೇ ಓಡಿಬಂದಿದ್ದಳು. ಮಂಚದ ಪಕ್ಕ ನಿಂತು ಅತ್ತಳು. ಅಳುತ್ತಲೇ, ಇಸ್ತ್ರಿಯಕ್ಕನ ಸೆರಗಿನ ಸುಕ್ಕನ್ನು ಅಂಗೈಯಿಂದ ನೇವರಿಸಿ ನೇರ ಮಾಡಿದಳು. ಪೆಟ್ಟಿಗೆಯವನು ಹೊಸ್ತಿಲಲ್ಲಿ ಕೂತಿದ್ದ, ತಮ್ಮ ಸಿಡಿಮಿಡಿ ಎನ್ನುತ್ತಿದ್ದ. ಸಂಗತಿ ತಿಳಿದಾಗ ಅವಳು ಮೇಜಿನ ಬಳಿ ಅಂಚೆಯಣ್ಣನ ಪಕ್ಕ ನೆಲದ ಮೇಲೆ ಕೂತಳು.

ಅವನೇ ಮೊದಲು ಮಾತಾಡಿದ. ಹೆಂಡತಿಗೆ ಹೇಳಲಾಗದ್ದನ್ನು ಅವಳ ಗೆಳತಿಗೆ ಹೇಳಿದ.

"ಆ ಮೊದಲನೇ ಕೆರೆ ಕಳೆದಿದ್ದು ನಾನೇ ಕಣಮ್ಮ. ಆಟ ನಡೀತಿರುವಾಗ್ಲೇ ಪ್ಲಗ್ ಕಿತ್ತುಬಿಟ್ಟೆ. ಈಗ ಇದನ್ನೂ ಕಳೆದ್ರೆ ಅವಳದ್ದು ಅಂತ ಏನಿರುತ್ತೆ?"

ಗೆಳತಿ ಅವನ ಕಡೆ ತಿರುಗಿ ಕೂತಳು.

"ಭಾವ, ಅವತ್ತು ಆ ಅಂಗಡಿಯವ್ರು ಬಾಗಿಲು ಹಾಕಿದ್ರು. ಆಟ ತೆರೆಯೋವಾಗೆಲ್ಲ ಅದು ಅಂಗಡಿಯವರ ಅಪ್ಪಣೆ ಕೇಳ್ತಿತ್ತಂತೆ. ಕೊಡೋರೇ ಇಲ್ದಿದ್ಮೇಲೆ ಎಲ್ಲಿ ತೆರೆಯುತ್ತೆ? ಸಾವಿರಾರು ಜನರದ್ದು ಒಂದೇ ದಿನ ಹೋಯ್ತು. ಆ ಬೂದು ಚೌಕದಲ್ಲಿ ಬರೆದಿದ್ದೇ ಅದು. ನಿಮ್ಮ ಪ್ಲಗ್ಗಿಗೂ ಅದಕ್ಕೂ ಸಂಬಂಧಾನೇ ಇಲ್ಲ."

ಅಂಚೆಯಣ್ಣ ಅವಳ ಮುಖವನ್ನೇ ನೋಡಿದ. "ಅವಳಿಗೆ ಗೊತ್ತಿತ್ತಾ, ನಾನು ಹೀಗೆ ಅಂದ್ಕೊಂಡಿದ್ದು?"

* * *

ಬಟ್ಟೆಕೋಣೆಯಲ್ಲಿ ಸದಾ ಆವಿ. ಎದುರಿಗೆ ನಿಂತವರ ಮುಖ ಕಾಣುವುದಿಲ್ಲ, ಮಾತು ಮಾತ್ರ ಮೋಡದೊಳಗಿಂದ ಬಂದಹಾಗೆ ಬರುತ್ತದೆ. ಬಹುಶಃ ಅದಕ್ಕೇ ಅಲ್ಲಿ ಹೆಂಗಸರು ಮನೆಯಲ್ಲಿ ಆಡದ ಮಾತು ಆಡುತ್ತಾರೆ.

ಎರಡನೇ ಕೆರೆ ಬಂದ ಹೊಸತರಲ್ಲಿ, ಎರಡರಷ್ಟು ಕೊಟ್ಟು ಕೊಂಡಿರಂತಲ್ಲ ಅಕ್ಕ ಎಂದು ಗೆಳತಿ ಕೇಳಿದ್ದಳು. ಇಸ್ತ್ರಿಪೆಟ್ಟಿಗೆ ಸುಯ್ಯೆಂದಿತು.

"ಕೆರೆ ಹೋದ ದಿನ ಅವರು ಇಸ್ತ್ರಿ ಅಂಗಿ ಹಾಕ್ಕೊಂಡು ಮನೆಗೆ ಬಂದ್ರು. ಇಸ್ತ್ರಿಪೆಟ್ಟಿಗೆಗೆ ಮನೇಲಿರೋದು ಅದೊಂದೇ ಪ್ಲಗ್ಗು, ನಂಗೆ ಗೊತ್ತಾಗಲ್ವಾ? ತಾನೇ ಹಾಳು ಮಾಡ್ದೆ ಅಂತ ಒಳಗೊಳಗೇ ಬೇಯ್ತಿದಾರೆ. ಯಾರ ಅಪ್ಪಣೇನೂ ಬೇಡದೆ ನಂದೇ ಆಗಿರೋದು ಒಂದು ಬೇಕಿತ್ತು, ಅದು ನಿಜ. ಅವರ ಅಂಗಿಗೋಸ್ಕರಾನೂ ತಗೊಂಡೆ. ಧೈರ್ಯವಾಗಿ ಪ್ಲಗ್ ಕೀಳ್ಲಿ ಅಂತ."

ಹಾಗಾದರೆ ಹೇಳಿಬಿಡಬಾರದೇ ಎಂದಿದ್ದಳು ಗೆಳತಿ.

"ಅವರೇ ಹೇಳ್ಲಿ ಅಂತ ಕಾಯ್ತಿದೀನಿ. ಇಷ್ಟು ವರ್ಷದಲ್ಲಿ ನನ್ನಿಂದ ಮುಚ್ಚಿಟ್ಟಿರೋದು ಇದೊಂದೇ. ಇರ್ಲಿ ಬಿಡು, ಅದಾದ್ರೂ ಅವರದ್ದೇ ಅಂತ ಇರ್ಲಿ."

* * *

ಗೆಳತಿ ಮಾತು ಮುಗಿಸಿದಾಗ ಅಂಚೆಯಣ್ಣನಿಗೆ ಮೊದಲು ಬಂದದ್ದು ಸಿಟ್ಟು. ಗೊತ್ತಿದ್ದೂ ಆರು ವರ್ಷ ಸುಮ್ಮನಿದ್ದಳಲ್ಲ, ಮಹಾರಾಯ್ತಿ. ಆಮೇಲೆ ತನ್ನ ಸುಕ್ಕು ಅಂಗಿಯ ತುದಿ ಹಿಡಿದುಕೊಂಡು, ಬೆಳಗ್ಗೆಯಿಂದ ಬಾರದ ಅಳುವನ್ನೆಲ್ಲ ಅತ್ತ. ತಮ್ಮ ಹತ್ತಿರ ಬಂದು ಭುಜದ ಮೇಲೆ ಕೈಯಿಟ್ಟ. ಇಷ್ಟು ಹೊತ್ತೂ ಆಡಿದ ಮಾತಿಗೆ ಅವನ ಮುಖ ಬಾಡಿತ್ತು.

ಕಂಪ್ಯೂಟರನ್ನು ಸರಿಯಾಗಿ ಮುಚ್ಚಿಕೊಡುತ್ತೇನೆ ಎಂದು ಗೆಳತಿ ಕೀಲಿಮಣೆಗೆ ಕೈ ಚಾಚಿದಳು. ಅಂಚೆಯಣ್ಣ ಬೇಡವೆಂದ. ಮೇಜಿನ ಕೆಳಗೆ ಬಗ್ಗಿ ಕೂತು, ಮಂಚದ ಕಡೆ ನೋಡಿದ.

"ಕೀಳ್ತೀನಿ ಕಣೇ," ಎಂದ.

ಕೆರೆ ಹೋಯಿತು. ಗೋಡೆಗಳು ಮತ್ತೆ ಬರೀ ಗೋಡೆಗಳಾದವು. ಪೆಟ್ಟಿಗೆಯವನು ಬಂದು ತನ್ನ ಪ್ಲಗ್ಗು ಸಿಕ್ಕಿಸಿದ, ಪೆಟ್ಟಿಗೆ ಮೆಲ್ಲಗೆ ಗುಂಯ್‌ಗುಡತೊಡಗಿತು. ನಾಲ್ಕಕ್ಕೆ ಅಕ್ಕ ಬಂದಳು. ಐದಕ್ಕೆ ಎತ್ತಿಕೊಂಡು ಹೋದರು.

ಎಲ್ಲ ಮುಗಿಸಿ ಬಂದಾಗ ಇನ್ನೂ ಸಂಜೆಬೆಳಕಿತ್ತು. ಪೆಟ್ಟಿಗೆ ಹೋಗಿತ್ತು. ಅಕ್ಕ ಒಳಕೋಣೆಯಲ್ಲಿ ಮಲಗಿದ್ದಳು. ಗೆಳತಿ ಹೇಳಿಕೊಟ್ಟಂತೆ ಅಂಚೆಯಣ್ಣ ಪ್ಲಗ್ಗು ಹಾಕಿ, ಗುಂಡಿ ಒತ್ತಿ, ತಾವರೆಯ ಚಿತ್ರ ಮುಟ್ಟಿದ. ನೀವು ಯಾರು ಎಂದು ಅದು ಕೇಳಲಿಲ್ಲ. ಯಾರ ಅಪ್ಪಣೆಗೂ ಕಾಯಲಿಲ್ಲ. ಕೆರೆ ಬಂತು.

ದೋಣಿ ದಡದಲ್ಲಿತ್ತು, ಖಾಲಿ. ಅಂಚೆಯಣ್ಣ ಮುಖ ಹತ್ತಿರ ತಂದು ಹುಡುಕಿದ. ಅಷ್ಟರಲ್ಲಿ ದಂಡೆಯ ಪುಟ್ಟ ಮನೆಯೊಳಗೆ ಟೋಪಿಯ ಹೆಂಗಸು ಹಾಸಿಗೆಯಿಂದ ಎದ್ದಳು. ಮೈ ಮುರಿದಳು. ಬಾಗಿಲು ತೆರೆದು ಬೆಳಗಿನ ಬೆಳಕಿಗೆ ಬಂದು ನಿಂತಳು.

"ಆ ಟೋಪಿಯವಳು ಕೊನೇ ಸಲ ಮಲಗೋವರೆಗೆ ಮಾತ್ರ ಆಟಕ್ಕೆ ನೆನಪು, ಭಾವ," ಎಂದಳು ಗೆಳತಿ. "ದೋಣಿಗೆ ಹೋಗಿದ್ದು ಗೊತ್ತಿಲ್ಲ. ಇವತ್ತಿನ ದಿನ ಅದಕ್ಕೆ ಗೊತ್ತೇ ಇಲ್ಲ."

ಅಂಚೆಯಣ್ಣ ಬಹಳ ಹೊತ್ತು ನೋಡಿದ. ಆಮೇಲೆ ಮೊಣಕಾಲೂರಿ ಪ್ಲಗ್ಗು ಕಿತ್ತ. ಅವನು ಪ್ಲಗ್ಗು ಹಾಕಿದ, ಗುಂಡಿ ಒತ್ತಿದ, ತಾವರೆ ಮುಟ್ಟಿದ. ಅವಳು ಎದ್ದಳು, ಮೈ ಮುರಿದಳು, ಬಾಗಿಲು ತೆರೆದಳು. ಅವನು ಮತ್ತೆ ಬಗ್ಗಿದ.