ಅಪ್ಪನಿಗೆ ಸಿಕ್ಕ ಕೆಲಸ

ಮಗಳು ಸ್ನಾನ ಮುಗಿಸಿ ಬರುವಷ್ಟರಲ್ಲಿ ಅಪ್ಪ ಅವಳ ಲ್ಯಾಪ್‌ಟಾಪಿನ ಹೊಟ್ಟೆ ಬಗೆದು, ಸ್ಕ್ರೂಗಳನ್ನೆಲ್ಲ ಊಟದ ತಟ್ಟೆಯಲ್ಲಿ ಸಾಲಾಗಿ ಜೋಡಿಸಿಟ್ಟಿದ್ದರು. ಜೀವಮಾನವೆಲ್ಲ ಕೈಗಡಿಯಾರ ರಿಪೇರಿ ಮಾಡಿದ ಕೈ. ಮರೆವಿನ ಕಾಯಿಲೆ ತಲೆಯೊಳಗಿದ್ದದ್ದನ್ನು ಗುಡಿಸಿಕೊಂಡು ಹೋಗಿತ್ತೇ ಹೊರತು ಬೆರಳುಗಳ ತಂಟೆಗೆ ಇನ್ನೂ ಬಂದಿರಲಿಲ್ಲ.

"ಒಳಗೆಲ್ಲ ಧೂಳು ಕಣೇ ಪುಟ್ಟೀ. ಒರೆಸಿಟ್ಟಿದೀನಿ," ಅಂದರು, ಶಹಬ್ಬಾಸ್‌ಗಿರಿಗೆ ಕಾಯುವವರಂತೆ.

ಪುಟ್ಟಿಗೆ ನಲವತ್ತು ದಾಟಿತ್ತು. ಸಿನಿಮಾಗಳಿಗೆ ಸಬ್‌ಟೈಟಲ್ ಬರೆಯುವುದು ಅವಳ ಕಸುಬು. ಅವತ್ತು ಸಂಜೆ ಕಳಿಸಬೇಕಿದ್ದ ಸಿನಿಮಾ ಈಗ ಬಿಡಿಬಿಡಿಯಾಗಿ ತಟ್ಟೆಯಲ್ಲಿತ್ತು. ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಿದಳು. ಸಿನಿಮಾ ಮಾರನೇ ದಿನ ಹೋಯಿತು, ಇನ್ನೊಮ್ಮೆ ತಡವಾದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆಂದು ಕಂಪನಿಯವರು ಹೇಳಿದರು. ಅಣ್ಣನಂತೂ ವೃದ್ಧಾಶ್ರಮದಲ್ಲಿ ಕೋಣೆಯನ್ನೇ ಗೊತ್ತು ಮಾಡಿಟ್ಟಿದ್ದ.

"ನಿನ್ನ ಕೆಲ್ಸಾನೂ ಹೋದ್ರೆ ಇಬ್ರೂ ಏನ್ ಮಾಡ್ತೀರ?" ಅಂದ ಫೋನಿನಲ್ಲಿ. "ಈ ತಿಂಗಳು ನೋಡು. ಆಗ್ಲಿಲ್ಲ ಅಂದ್ರೆ ನಾನೇ ಬಂದು ಕರ್ಕೊಂಡು ಹೋಗ್ತೀನಿ."

ದೂರ ಕೂತು ಬುದ್ಧಿ ಹೇಳುವವರಿಗೆ ಗಂಟಲು ಕಟ್ಟುವುದೇ ಇಲ್ಲ. ಆದರೆ ಅವನ ಮಾತಿನಲ್ಲಿ ಸುಳ್ಳೂ ಇರಲಿಲ್ಲ, ಅದೇ ಅವಳ ಹೊಟ್ಟೆ ಉರಿಸಿದ್ದು.

ಆಸ್ಪತ್ರೆ ಹತ್ತಿರವಿರಲೆಂದು ಅವರು ಬಂದು ಸೇರಿದ್ದ ಬಡಾವಣೆ ಊರ ನಡುವಿಗೆ ಅಂಟಿಕೊಂಡದ್ದು. ಹಳೇ ಗೋದಾಮುಗಳಿಗೆ ಬಣ್ಣ ಬಳಿದು, ಬಲ್ಬು ನೇತುಹಾಕಿ, ಮೇಜು ಕುರ್ಚಿ ಬಾಡಿಗೆಗೆ ಕೊಡುವ ಕೋ-ವರ್ಕಿಂಗ್ ಜಾಗಗಳು ಅಲ್ಲಿ ಬೀದಿಗೊಂದು. ಮನೆಯಲ್ಲಿ ಕೂತರೆ ಕೆಲಸ ಸಾಗದೆಂದು ಅಂಥದ್ದೊಂದನ್ನು ಹುಡುಕಲು ಹೊರಟ ಅವಳು ಕೇಳಿದ್ದೇನೂ ಸ್ವರ್ಗವಲ್ಲ. ಅಪ್ಪ ಕಣ್ಣೆದುರಿಗೇ ಇರುವಂತೆ ಮೂಲೆಯಲ್ಲಿ ಎರಡು ಕುರ್ಚಿ, ಹಿಡಿದು ಏಳಲು ಕಂಬಿ ಇರುವ ಶೌಚಾಲಯ, ಆಸುಪಾಸಿನಲ್ಲಿ ಒಂದು ಔಷಧಿ ಅಂಗಡಿ, ಬಿಸಿಲು ಕಾಯಲು ಪಾರ್ಕಿನ ಬೆಂಚು.

"ಬನ್ನಿ ಅಪ್ಪಾ, ಕೆಲ್ಸದ ಜಾಗ ನೋಡ್ಕೊಂಡು ಬರೋಣ," ಅಂದಳು.

ಕೆಲಸ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಅಪ್ಪ ಇಸ್ತ್ರಿ ಶರ್ಟು ಹಾಕಿ, ತಲೆ ಬಾಚಿ, ಕಣ್ಣಿಗೆ ಸಿಕ್ಕಿಸುವ ಭೂತಗನ್ನಡಿ ಜೇಬಿಗಿಳಿಸಿ ಬಾಗಿಲಲ್ಲಿ ನಿಂತರು. ತಮಗೇ ಕೆಲಸ ಹುಡುಕಲು ಹೊರಟಿದ್ದೇವೆ ಅಂದುಕೊಂಡಿದ್ದರು. ಅವಳು ತಿದ್ದಲಿಲ್ಲ. ಎಷ್ಟೋ ದಿನಗಳ ಮೇಲೆ ಅವತ್ತು ಅವರು ಚಪ್ಪಲಿಯನ್ನು ತಾವೇ ಮೆಟ್ಟಿಕೊಂಡಿದ್ದರು.

ಮೊದಲನೇ ಜಾಗದಲ್ಲಿ ಕುರ್ಚಿಯ ಬದಲು ಮೆತ್ತನೆ ಮೂಟೆಗಳು. ಅಪ್ಪ ಕೂತರು, ಕೂತವರು ಮುಳುಗಿದರು. ಎಬ್ಬಿಸಲು ಇಬ್ಬರು ಬೇಕಾಯಿತು. "ಇದು ಮೈಗಳ್ಳರ ಆಫೀಸು, ನಡೀ," ಅಂದರು. ಎರಡನೆಯದು ಬರೀ ಗಾಜು. ಅಪ್ಪ ಅಲ್ಲಿನ ಗೋಡೆಗಡಿಯಾರ ಇಳಿಸಲು ಕುರ್ಚಿ ಹತ್ತಿದರು. "ಬೇರೆಯವರಿಗೆ ತೊಂದ್ರೆ ಆಗುತ್ತೆ ಮೇಡಂ, ಬೇಜಾರು ಮಾಡ್ಕೋಬೇಡಿ," ಅಂದ ಮ್ಯಾನೇಜರ್, ಬೇಜಾರಾಗುವಂತೆಯೇ. ಹಾಗೇ ಇನ್ನೂ ಹಲವು ಕಡೆ. ತಿಂಗಳು ಮುಗಿಯುತ್ತಾ ಬಂತು. ಅಣ್ಣ ಪ್ರಯಾಣಕ್ಕೆ ಟಿಕೆಟ್ ತೆಗೆಸಿದೆನೆಂದು ಹೇಳಿದ.

ಕೊನೆಗೆ ಸಿಕ್ಕಿದ್ದು ಲಾಂಡ್ರಿಯ ಮೇಲಿನ ಮಹಡಿ. ಅಲ್ಲಿ ಕೆಲವೇ ಮೇಜುಗಳು, ದೊಡ್ಡ ಕಿಟಕಿ, ಕೆಳಗಿನಿಂದ ಬರುವ ಸೋಪಿನ ವಾಸನೆ. ಮಾಲೀಕಳು ದಪ್ಪ ಕನ್ನಡಕದ ಹೆಂಗಸು. ಅವಳ ಮುಂದೆ ಪುಟ್ಟಿ ಬಾಯಿಬಿಡುವ ಮೊದಲೇ ಅಪ್ಪ ಕೈಕಟ್ಟಿ ನಿಂತು ಶುರು ಮಾಡಿದರು.

"ಕೈಗಡಿಯಾರ, ಗೋಡೆಗಡಿಯಾರ, ಅಲಾರಂ, ಎಲ್ಲಾ ಬರುತ್ತೆ ಅಮ್ಮಾ. ರಜೆ ಕೇಳೋನಲ್ಲ. ಮನೇಲಿ ಓದೋ ಮಗಳಿದಾಳೆ, ತಾಯಿ ಇಲ್ಲದ ಕೂಸು. ಅವಳಿಗೋಸ್ಕರ ಈ ಕೆಲ್ಸ ಬೇಕೇ ಬೇಕು."

ಓದುವ ಮಗಳು ಪಕ್ಕದಲ್ಲೇ ನಿಂತಿದ್ದಳು. ಮಾಲೀಕಳು ಅವಳ ಮುಖ ನೋಡಿದಳು, ಅಪ್ಪನ ಮುಖ ನೋಡಿದಳು. ಆಮೇಲೆ, "ನಾಳೆಯಿಂದ ಬರ್ತೀರಾ ಯಜಮಾನ್ರೇ? ಕಿಟಕಿ ಹತ್ರ ಬೆಳಕು ಚೆನ್ನಾಗಿದೆ," ಅಂದಳು.

ಅಪ್ಪನ ಕಣ್ಣು ತುಂಬಿತು. ಪುಟ್ಟಿ ಮೆಟ್ಟಿಲ ಕಡೆ ಹೋಗಿ ಮೂಗು ಒರೆಸಿಕೊಂಡು ಬಂದಳು. ಅಣ್ಣನಿಗೆ ಟಿಕೆಟ್ ವಾಪಸ್ ಮಾಡಲು ಹೇಳಿದಾಗ ಅವಳ ದನಿಯಲ್ಲಿದ್ದ ಜಂಬವನ್ನು ನೀವು ಕೇಳಬೇಕಿತ್ತು.

ಮಾರನೇ ದಿನದಿಂದ ಎಲ್ಲ ಸುಸೂತ್ರ. ಮಾಲೀಕಳು ಕೆಟ್ಟುಹೋದ ಗಡಿಯಾರಗಳನ್ನು ಎಲ್ಲೆಲ್ಲಿಂದಲೋ ತಂದು ಅಪ್ಪನ ಮೇಜಿನ ಮೇಲಿಟ್ಟಳು. ಅವರು ಬಿಚ್ಚಿದರು, ಒರೆಸಿದರು, ಕೂಡಿಸಿದರು. ಪುಟ್ಟಿ ಎದುರಿನ ಮೇಜಿನಲ್ಲಿ ಸಿನಿಮಾದವರ ಮಾತುಗಳನ್ನು ಒಂದೊಂದಾಗಿ ಅಕ್ಷರಕ್ಕಿಳಿಸಿದಳು. ಕೆಲಸ ಹೊತ್ತಿಗೆ ಸರಿಯಾಗಿ ಹೋಯಿತು, ಕಂಪನಿಯವರು ತೆಪ್ಪಗಾದರು. ಸಂಜೆ ಕೈಹಿಡಿದು ಮನೆಗೆ ಕರೆದರೆ ಅಪ್ಪ ಎದ್ದು ಬರುತ್ತಿದ್ದರು. ಕಷ್ಟ ಕಳೆಯಿತೆಂದು ಅವಳು ನಂಬಿದಳು, ಪಾಪ.

ಅವಳ ಲೆಕ್ಕ ತಪ್ಪಿದ್ದು ಒಂದೇ ಕಡೆ. ಮನೆಯಲ್ಲಿ ಅವಳು ಪುಟ್ಟಿ. ಇಲ್ಲಿ ದಿನವಿಡೀ ಎದುರಿಗೆ ಕೂತು ಟಕಟಕ ಒತ್ತುವ ಆಫೀಸಿನ ಹೆಂಗಸು. ಅಪ್ಪನ ತಲೆಯಲ್ಲಿ ಉಳಿದಿದ್ದ ಅಷ್ಟಿಷ್ಟು ಜಾಗದಲ್ಲಿ ಇಬ್ಬರಿಗೂ ಎಡೆಯಿರಲಿಲ್ಲ.

ಒಂದು ಸಂಜೆ ಅವಳು ಕೈಹಿಡಿಯಲು ಹೋದಾಗ ಅಪ್ಪ ಮೆಲ್ಲಗೆ ಕೈ ಬಿಡಿಸಿಕೊಂಡರು.

"ನಾನು ಹೊರಡ್ತೀನಿ ಮೇಡಂ. ಮಗಳು ಒಬ್ಳೇ ಇರ್ತಾಳೆ."

"ಅಪ್ಪಾ, ನಾನೇ ಪುಟ್ಟಿ," ಅಂದಳು. ಅವರು ಸಂಕೋಚದಿಂದ ನಕ್ಕರು, ದೊಡ್ಡವರ ತಮಾಷೆ ಅರ್ಥವಾಗದ ಬಡ ನೌಕರನಂತೆ. ಇನ್ನೊಂದು ಸಲ ಹೇಳಿದರೆ ಹೆದರುತ್ತಾರೆಂದು ಕಂಡಿತು.

"ನಾನೂ ಆ ಕಡೇಗೇ ಹೋಗ್ಬೇಕು," ಅಂದಳು. "ಜೊತೇಲಿ ಹೋಗೋಣ ಬನ್ನಿ."

ದಾರಿಯುದ್ದಕ್ಕೂ ಅಪ್ಪ ಮಗಳ ಸುದ್ದಿ ಹೇಳಿದರು. ಬಲು ಹಟಮಾರಿಯಂತೆ. ಅನ್ನ ಬಿಟ್ಟು ಕತೆ ಪುಸ್ತಕ ಓದುತ್ತಾಳಂತೆ. ರಾತ್ರಿ ಅಪ್ಪನ ಶರ್ಟಿನ ತುದಿ ಹಿಡಿದುಕೊಂಡೇ ಮಲಗುತ್ತಾಳಂತೆ. "ಇವತ್ತು ಖುಷಿ ಪಡ್ತಾಳೆ ನೋಡಿ. ಅಪ್ಪಂಗೆ ಕೆಲ್ಸ ಸಿಕ್ತು ಅಂತ ಇನ್ನೂ ಹೇಳೇ ಇಲ್ಲ," ಅಂದರು. ಅವಳು ಹೂಂ ಹೂಂ ಎನ್ನುತ್ತಾ, ಕಾಣದಂತೆ ಕಣ್ಣೊರೆಸಿಕೊಳ್ಳುತ್ತಾ ನಡೆದಳು. ಅಪ್ಪ ಅಷ್ಟು ಹಗುರಾಗಿ ನಡೆದದ್ದನ್ನು ಅವಳು ನೋಡಿ ವರ್ಷಗಳಾಗಿದ್ದವು.

ಮನೆಯ ಬಾಗಿಲಲ್ಲಿ ಅಪ್ಪ ಕಾಲರ್ ಸರಿಮಾಡಿಕೊಂಡು ಬೆಲ್ ಒತ್ತಿದರು. ಒಳಗೆ ಬೆಲ್ಲಿನ ಸದ್ದು ಖಾಲಿ ಕೋಣೆಗಳಲ್ಲಿ ಸುತ್ತಿ ಸುಮ್ಮನಾಯಿತು.

"ಪುಟ್ಟೀ, ಬಾಗ್ಲು ತೆಗಿಯಮ್ಮಾ. ಅಪ್ಪ ಬಂದಿದೀನಿ."

ಕೀಲಿಕೈ ಹಿಡಿದು ಅವರ ಬೆನ್ನ ಹಿಂದೆ ನಿಂತವಳು, ಗಂಟಲು ಸರಿಮಾಡಿಕೊಂಡು, "ಬಂದೆ ಅಪ್ಪಾ," ಅಂದಳು.

ಅಪ್ಪನ ಮುಖ ಅರಳಿತು. ಹಿಂತಿರುಗಿ ನೋಡದೆ, ಮುಚ್ಚಿದ ಬಾಗಿಲನ್ನೇ ನೋಡುತ್ತಾ ನಿಂತರು.